ಕ್ಷಮೆಯೂ ಲೆಕ್ಕವೂ

ಗಂಡನಾಗಲಿ ಹೆಂಡತಿಯಾಗಲಿ ದಾಂಪತ್ಯದ ನಂಬಿಕೆಯನ್ನು ಮುರಿದಾಗ ನಮ್ಮ ಗ್ರಾಮಸಭೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವದುಂಟು. ಒಂದು, "ಆದದ್ದಾಯಿತು, ಕ್ಷಮಿಸಿಬಿಡು" ಎಂಬದು. ಮತ್ತೊಂದು, "ಕೋರ್ಟಿಗೆ ಎಳೆ, ಒಂದು ಕಾಸೂ ಬಿಡಬೇಡ" ಎಂಬದು. ಮೊದಲನೆಯ ಮಾತನ್ನು ಆಡುವವರು ಹೆಚ್ಚಾಗಿ ಸಭೆಯ ಹಿರಿಯರು. ಎರಡನೆಯದನ್ನು ಆಡುವವರು ಹೆಚ್ಚಾಗಿ ನೆಂಟರಿಷ್ಟರು. ಇವೆರಡರ ನಡುವೆ ಸಿಕ್ಕಿಕೊಂಡ ನೊಂದ ಜೀವವು ಯಾವ ಕಡೆಗೂ ಹೋಗಲಾರದೆ ತತ್ತರಿಸುತ್ತದೆ. ಆದಕಾರಣ ಈ ತಿಂಗಳು ಒಂದೇ ಪ್ರಶ್ನೆಯನ್ನು ವಾಚಕರ ಮುಂದಿಟ್ಟು ವಿಚಾರಿಸಲು ಮನಸ್ಸು ಮಾಡಿದ್ದೇವೆ. ಅದೇನೆಂದರೆ: ತಮ್ಮನ್ನು ವಂಚಿಸಿದವರನ್ನು ಮನಃಪೂರ್ವಕವಾಗಿ ಕ್ಷಮಿಸಿದವರು, ಕಾನೂನು ತಮಗೂ ತಮ್ಮ ಮಕ್ಕಳಿಗೂ ಕೊಟ್ಟಿರುವ ಹಕ್ಕನ್ನೂ ಹಣವನ್ನೂ ಅದರೊಂದಿಗೇ ಬಿಟ್ಟುಕೊಡಬೇಕೋ?

ನಮ್ಮ ವಿಚಾರವು ಬರೇ ಮಾತಾಗದಂತೆ ಒಂದು ಮನೆಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಇದು ಇಂಥ ಊರಿನ ಇಂಥವರ ಮನೆಯೆಂದು ಯಾರೂ ಹುಡುಕಬೇಕಾಗಿಲ್ಲ; ಎಷ್ಟೋ ಊರುಗಳಲ್ಲಿ ಇರಬಹುದಾದ ಮನೆ. ಗಂಡನು ಪೇಟೆಯಲ್ಲಿ ಲಾರಿ ನಡಿಸುವವನು. ಹೆಂಡತಿ ಊರಿನಲ್ಲಿ ಬೀಡಿ ಕಟ್ಟುವವಳು. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮೂರು ವರುಷಗಳಿಂದ ಗಂಡನಿಗೆ ಪೇಟೆಯಲ್ಲಿ ಇನ್ನೊಂದು ಸಂಸಾರವಿತ್ತು. ಲಾರಿಯ ರಿಪೇರಿಗೆಂದು ಹೇಳಿ ಅವನು ಹೆಂಡತಿಯ ಎರಡು ಪವನಿನ ಸರವನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟಿದ್ದನು; ಆ ಹಣ ಹೋದದ್ದು ಆ ಇನ್ನೊಂದು ಮನೆಯ ಮುಂಗಡಕ್ಕೆ. ಸಂಗತಿ ಹೊರಬಿದ್ದಾಗ ಅವನು ಹಿರಿಯರ ಮುಂದೆ ಅತ್ತನು, ಕಾಲಿಗೆ ಬಿದ್ದನು. ಹಿರಿಯರು ಸಂತೋಷಪಟ್ಟು ಒಂದು ಕಾಗದ ಬರೆಸಿದರು: ಹೆಂಡತಿಯು ಕ್ಷಮಿಸಿದ್ದಾಳೆ, ಆ ಕಡೆಯ ವ್ಯವಹಾರ ತೀರುವ ತನಕ ಇಬ್ಬರೂ ಪರಸ್ಪರ ಸಮ್ಮತಿಯಿಂದ ಬೇರೆ ಇರುವರು, ಅವಳು ಜೀವನಾಂಶ ಕೇಳಕೂಡದು, ಕೋರ್ಟಿಗೆ ಹೋಗಕೂಡದು. ಆಗ ಆ ಸ್ತ್ರೀ ಕೇಳಿದಳು: "ಅಯ್ಯನವರೇ, ಕ್ಷಮಿಸುತ್ತೇನೆ. ಆದರೆ ನನ್ನ ಸರವನ್ನು ಬಿಡಿಸಿಕೊಡುವವರು ಯಾರು?" ಹಿರಿಯರಲ್ಲಿ ಒಬ್ಬರು, "ಕ್ಷಮಿಸಿದ ಮೇಲೆ ಸರದ ಮಾತು ಯಾತಕ್ಕಮ್ಮಾ?" ಅಂದರು.

ಈ ಲೇಖನವೆಲ್ಲಾ ಆ ಸ್ತ್ರೀಯ ಪ್ರಶ್ನೆಗೆ ಉತ್ತರವೆಂದು ವಾಚಕರು ತಿಳಿಯಬೇಕು. ಅವಳ ಪ್ರಶ್ನೆ ದುರಾಶೆಯದಲ್ಲ, ಕ್ಷಮೆಗೆ ವಿರೋಧವಾದದ್ದೂ ಅಲ್ಲ ಎಂಬದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲು, ಕಾನೂನು ಈ ಅಪರಾಧವನ್ನು ಹಿಂದೆ ಹೇಗೆ ಎಣಿಸಿತ್ತೆಂಬದನ್ನು ನೋಡಬೇಕು. ಯಾಕಂದರೆ ಆ ಹಳೆಯ ಎಣಿಕೆಯು ನಮ್ಮ ಮನಸ್ಸುಗಳಲ್ಲಿ ಇಂದಿಗೂ ಕೂತಿರುತ್ತದೆ. ಭಾರತದ ಕ್ರೈಸ್ತರ ವಿವಾಹ ವಿಚ್ಛೇದನೆಯ ಕಾಯಿದೆ ೧೮೬೯ನೇ ಇಸವಿಯಲ್ಲಿ ಹುಟ್ಟಿತು. ಅದರ ೧೦ನೇ ಪ್ರಕರಣದ ಮೇರೆಗೆ, ಹೆಂಡತಿಯು ವ್ಯಭಿಚಾರ ಮಾಡಿದಳೆಂದು ಸ್ಥಾಪಿಸಿದರೆ ಅಷ್ಟರಿಂದಲೇ ಗಂಡನಿಗೆ ವಿಚ್ಛೇದನೆ ಸಿಕ್ಕುತ್ತಿತ್ತು. ಗಂಡನು ಅದೇ ಪಾಪವನ್ನು ಮಾಡಿದರೆ ಹೆಂಡತಿಗೆ ಅಷ್ಟು ಸಾಲದಾಗಿತ್ತು. ಅವನು ಅದರ ಸಂಗಡ ಕ್ರೂರತನವನ್ನೂ ನಡಿಸಿರಬೇಕು, ಇಲ್ಲವೆ ಎರಡು ವರುಷ ಅವಳನ್ನು ತೊರೆದಿರಬೇಕು, ಇಲ್ಲವೆ ಮತ್ತೊಂದು ಘೋರವಾದ ತಪ್ಪನ್ನು ಕೂಡಿಸಿರಬೇಕು; ಅದನ್ನೆಲ್ಲಾ ಅವಳು ಸಾಕ್ಷಿಯಿಂದ ತೋರಿಸಬೇಕು. ೩೪ನೇ ಪ್ರಕರಣದ ಮೇರೆಗೆ ಗಂಡನು ತನ್ನ ಹೆಂಡತಿಯೊಂದಿಗೆ ತಪ್ಪಿದ ಪುರುಷನಿಂದ ನಷ್ಟಪರಿಹಾರದ ಹಣವನ್ನು ವಸೂಲು ಮಾಡಿಸಬಹುದಾಗಿತ್ತು. ಹೆಂಡತಿಗೆ ಅಂಥ ಅಧಿಕಾರ ಇರಲಿಲ್ಲ. ೩೯ನೇ ಪ್ರಕರಣವು, ತಪ್ಪಿದ ಹೆಂಡತಿಗೆ ಸ್ವಂತ ಆಸ್ತಿಯಿದ್ದರೆ ಅದನ್ನು ಗಂಡನ ಅಥವಾ ಮಕ್ಕಳ ಹಿತಕ್ಕೆ ಏರ್ಪಡಿಸುವ ಅಧಿಕಾರವನ್ನು ನ್ಯಾಯಸ್ಥಾನಕ್ಕೆ ಕೊಟ್ಟಿತ್ತು.

೧೮೬೦ನೇ ಇಸವಿಯ ದಂಡಸಂಹಿತೆಯ ೪೯೭ನೇ ಪ್ರಕರಣವೂ ಇದೇ ಜಾಡಿನದು. ಇನ್ನೊಬ್ಬನ ಹೆಂಡತಿಯನ್ನು ಆ ಗಂಡನ ಸಮ್ಮತಿಯಿಲ್ಲದೆ ಕೂಡಿದವನಿಗೆ ಐದು ವರುಷದ ವರೆಗೆ ಸೆರೆಮನೆ ಎಂದು ಅದು ಹೇಳಿತು. ಗಂಡನು ಸಮ್ಮತಿಸಿದ್ದರೆ ಅಪರಾಧವೇ ಇಲ್ಲ. ಮದುವೆಯಾದ ಪುರುಷನು ವಿಧವೆಯನ್ನೋ ಮದುವೆಯಾಗದ ಸ್ತ್ರೀಯನ್ನೋ ಕೂಡಿದರೆ ಅದೂ ಆ ಪ್ರಕರಣದಲ್ಲಿ ಅಪರಾಧವಲ್ಲ. ವಂಚಿತಳಾದ ಹೆಂಡತಿಗೆ ಫಿರ್ಯಾದು ಮಾಡುವ ಹಕ್ಕೂ ಇಲ್ಲ. ಇವನ್ನೆಲ್ಲಾ ಕೂಡಿಸಿ ಓದುವಾಗ, ಪಕ್ಕದವನ ಎಮ್ಮೆ ತನ್ನ ಗದ್ದೆಗೆ ನುಗ್ಗಿದರೆ ಬೆಳೆಯ ನಷ್ಟವನ್ನು ಕಟ್ಟಿಸಿಕೊಳ್ಳುವ ಒಕ್ಕಲಿಗನ ನೆನಪಾಗದೆ ಇರದು. ಹೆಂಡತಿಯೆಂದರೆ ಗಂಡನ ಗದ್ದೆ. ನಷ್ಟವಾದದ್ದು ಗದ್ದೆಯ ಯಜಮಾನನಿಗೆ. ಗದ್ದೆಗೆ ನಷ್ಟವೆಂಬದು ಎಲ್ಲಿಯದು?

ಈ ಅನ್ಯಾಯವು ಒಮ್ಮೆಗೇ ಹೋಗಲಿಲ್ಲ. ೧೯೯೫ನೇ ಇಸವಿಯಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ಕ್ರೈಸ್ತ ಸ್ತ್ರೀಯರ ಮೇಲೆ ೧೦ನೇ ಪ್ರಕರಣವು ಹೊರಿಸಿದ್ದ ಆ ಹೆಚ್ಚಿನ ಹೊರೆಯನ್ನು ರಾಜ್ಯಾಂಗಕ್ಕೆ ವಿರೋಧವೆಂದು ತೆಗೆದುಹಾಕಿತು. ೨೦೦೧ನೇ ಇಸವಿಯಲ್ಲಿ ಪಾರ್ಲಿಮೆಂಟು ೧೮೬೯ರ ಕಾಯಿದೆಯನ್ನು ತಿದ್ದಿ, ಗಂಡನಿಗೂ ಹೆಂಡತಿಗೂ ಒಂದೇ ಅಳತೆಯನ್ನು ಇಟ್ಟಿತು. ಈಗ ಇಬ್ಬರಲ್ಲಿ ಯಾರ ವ್ಯಭಿಚಾರವಾದರೂ ವಿಚ್ಛೇದನೆಗೆ ಸಾಕಾದ ಕಾರಣ. ೩೪ನೇ ಮತ್ತು ೩೯ನೇ ಪ್ರಕರಣಗಳು ಅದೇ ತಿದ್ದುಪಡಿಯಲ್ಲಿ ಅಳಿದುಹೋದವು. ಕಡೆಗೆ ೨೦೧೮ನೇ ಇಸವಿಯ ಸೆಪ್ಟೆಂಬರ್ ೨೭ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ೪೯೭ನೇ ಪ್ರಕರಣವನ್ನು ಒಮ್ಮತದಿಂದ ರದ್ದುಮಾಡಿದರು. ೨೦೨೪ನೇ ಇಸವಿಯ ಜುಲೈ ೧ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಪ್ರಕರಣವು ಇಲ್ಲ.

ಇದನ್ನು ಕೇಳಿ ಕೆಲವರು, "ವ್ಯಭಿಚಾರವು ಇನ್ನು ತಪ್ಪಲ್ಲವೆಂದು ದೊಡ್ಡ ಕೋರ್ಟೇ ಹೇಳಿದೆ" ಎಂದು ಚಾವಡಿಗಳಲ್ಲಿ ಆಡಿಕೊಳ್ಳುತ್ತಾರೆ. ಇದು ತಪ್ಪು ತಿಳುವಳಿಕೆ. ನ್ಯಾಯಾಲಯವು ಹೇಳಿದ್ದೇನೆಂದರೆ, ಇದು ಪೊಲೀಸರೂ ಸೆರೆಮನೆಯೂ ನೋಡತಕ್ಕ ಕೆಲಸವಲ್ಲ. ಆದರೆ ವಿವಾಹವನ್ನು ಮುರಿಯಲು ಇದು ಕಾರಣವಾಗಿಯೇ ಉಳಿಯುತ್ತದೆ ಎಂಬದು. ಸೆರೆಮನೆಯ ಬಾಗಿಲು ಮುಚ್ಚಿದರೆ ಹೊಣೆಯ ಬಾಗಿಲೂ ಮುಚ್ಚಿತೆಂದು ಯಾರೂ ಎಣಿಸಬಾರದು. ಮೊದಲ ಮದುವೆ ಊರ್ಜಿತವಾಗಿರುವಾಗ ಇನ್ನೊಬ್ಬಳನ್ನು ಮದುವೆಯಾಗುವದಂತೂ ಈಗಲೂ ಅಪರಾಧವೇ. ನ್ಯಾಯ ಸಂಹಿತೆಯ ೮೨ನೇ ಪ್ರಕರಣದಂತೆ ಅದಕ್ಕೆ ಏಳು ವರುಷದ ವರೆಗೆ ಸೆರೆ, ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರುಷದ ವರೆಗೆ.

ಹಾಗಾದರೆ ಹಣದ ಹೊಣೆ ಯಾವದು? ನಾವು ಕಣ್ಣೆದುರಿಗಿಟ್ಟುಕೊಂಡ ಮನೆಗೆ ಅದನ್ನು ಹೊಂದಿಸಿ ನೋಡೋಣ.

ಒಂದನೆಯದು ಜೀವನಾಂಶ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೇ ಪ್ರಕರಣವು, ಅಂದರೆ ಹಿಂದಿನ ೧೨೫ನೇ ಪ್ರಕರಣವು, ತನ್ನನ್ನು ಪೋಷಿಸಿಕೊಳ್ಳಲಾರದ ಹೆಂಡತಿಯನ್ನೂ ಮಕ್ಕಳನ್ನೂ ಶಕ್ತನಾದ ಗಂಡನು ಸಾಕಬೇಕೆಂದು ವಿಧಿಸುತ್ತದೆ. ಇದು ಎಲ್ಲಾ ಮತದವರಿಗೂ ಒಂದೇ. ತಿಂಗಳಿಗೆ ೫೦೦ ರೂಪಾಯಿಗಿಂತ ಹೆಚ್ಚಿಗೆ ಕೊಡಿಸಕೂಡದೆಂದು ಹಿಂದೆ ಇದ್ದ ಮಿತಿಯನ್ನು ೨೦೦೧ನೇ ಇಸವಿಯಲ್ಲಿ ತೆಗೆದುಹಾಕಿದರು. ಗಂಡನು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ, ಅವನೊಂದಿಗೆ ವಾಸಮಾಡಲು ಒಲ್ಲೆನೆಂದು ಹೆಂಡತಿ ಹೇಳುವದಕ್ಕೆ ಅದು ನ್ಯಾಯವಾದ ಕಾರಣವೆಂದು ಆ ಪ್ರಕರಣವೇ ಒಪ್ಪುತ್ತದೆ. ಆದದರಿಂದ, "ಗಂಡನ ಮನೆ ಬಿಟ್ಟವಳಿಗೆ ಏನೂ ಇಲ್ಲ" ಎಂದು ಯಾರೂ ಅವಳನ್ನು ಹೆದರಿಸಬಾರದು. ೨೦೨೦ನೇ ಇಸವಿಯ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಂತೆ, ಇಂಥ ಅರ್ಜಿಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕು. ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಸಲ್ಲತಕ್ಕದ್ದು. ಅಪ್ಪಣೆಯಾದ ಮೇಲೆಯೂ ಕೊಡದೆ ತಪ್ಪಿಸಿಕೊಂಡರೆ ವಾರಂಟಿನಿಂದ ವಸೂಲು ಮಾಡಿಸುವದಕ್ಕೂ ಸೆರೆಗೆ ಕಳುಹಿಸುವದಕ್ಕೂ ಅಧಿಕಾರವುಂಟು. ಆದರೆ ಬಾಕಿಯಾದ ಹಣಕ್ಕೆ ಒಂದು ವರುಷದೊಳಗೆ ಅರ್ಜಿ ಹಾಕಬೇಕೆಂಬದನ್ನು ಮರೆಯಬಾರದು.

ಎರಡನೆಯದು ಸ್ತ್ರೀಧನ. ತವರಿನವರು ಕೊಟ್ಟ ಬಂಗಾರ, ಮದುವೆಯಲ್ಲಿ ಬಂದ ಉಡುಗೊರೆ, ಬೀಡಿ ಕಟ್ಟಿ ಗಳಿಸಿದ ಹಣ ಇವು ಅವಳವೇ. ಅವಳನ್ನು ವಂಚಿಸಿ ಅವನ್ನು ಮಾರುವದೂ ಅಡವಿಡುವದೂ, ಮನೆಯ ಖರ್ಚಿಗೆ ಹಣ ನಿಲ್ಲಿಸುವದೂ ಆರ್ಥಿಕ ದೌರ್ಜನ್ಯವೆಂದು ೨೦೦೫ನೇ ಇಸವಿಯ ಕೌಟುಂಬಿಕ ದೌರ್ಜನ್ಯದ ಕಾಯಿದೆ ಎಣಿಸುತ್ತದೆ. ಸ್ತ್ರೀಧನವನ್ನು ಹಿಂದಕ್ಕೆ ಕೊಡಿಸುವದಕ್ಕೂ, ಇರುವ ಮನೆಯಿಂದ ಅವಳನ್ನು ಹೊರಗೆ ಹಾಕದಂತೆ ತಡೆಯುವದಕ್ಕೂ ಆ ಕಾಯಿದೆಯಲ್ಲಿ ದಾರಿಯುಂಟು. ಇಲ್ಲಿ ಒಂದು ಮಾತನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದಿರುವ ಸಿವಿಲ್ ಕಾನೂನನ್ನು ಬಿಟ್ಟರೆ, ನಮ್ಮ ದೇಶದಲ್ಲಿ ಮದುವೆಯಾದ ಮಾತ್ರದಿಂದ ಗಂಡಹೆಂಡಿರ ಆಸ್ತಿಯು ಒಂದೇ ರಾಶಿಯಾಗಿ ಅರ್ಧರ್ಧ ಹಂಚಿಕೆಯಾಗುವದಿಲ್ಲ. ಜಮೀನು ಯಾರ ಹೆಸರಿನಲ್ಲಿದೆಯೋ ಅವರದೇ. ಇಬ್ಬರೂ ದುಡಿದು ಕಟ್ಟಿದ ಮನೆಯ ಪತ್ರದಲ್ಲಿ ಒಬ್ಬರ ಹೆಸರು ಮಾತ್ರ ಇದ್ದರೆ, ನಂಬಿಕೆ ಮುರಿದ ದಿನ ಮತ್ತೊಬ್ಬರು ಬರಿಗೈಯಲ್ಲಿ ನಿಲ್ಲುವ ಭಯವುಂಟು.

ಮೂರನೆಯದು ಬಾಧ್ಯತೆ. ಕ್ರೈಸ್ತನೊಬ್ಬನು ಮರಣಪತ್ರ ಬರೆಯದೆ ಸತ್ತರೆ, ೧೯೨೫ನೇ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ವಿಧವೆಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು ಪಾಲು. ಅವನು ಬೇರೆ ಮನೆಯಲ್ಲಿ ಬಾಳಿದ್ದರೂ, ವಿಚ್ಛೇದನೆಯಾಗದಿದ್ದರೆ ಈ ಹಕ್ಕು ಹೋಗುವದಿಲ್ಲ. ವಿಚ್ಛೇದನೆಯಾದ ಮೇಲೆ ಹೆಂಡತಿಯ ಪಾಲು ಉಳಿಯುವದಿಲ್ಲ, ಮಕ್ಕಳ ಪಾಲು ಹೋಗುವದಿಲ್ಲ. ಆದರೆ ನಮ್ಮ ಕಾನೂನಿನಲ್ಲಿ ತನ್ನ ಸ್ವಂತ ಆಸ್ತಿಯನ್ನೆಲ್ಲಾ ಯಾರಿಗೆ ಬೇಕಾದರೂ ಮರಣಪತ್ರದಿಂದ ಬರೆದುಕೊಡುವ ಸ್ವಾತಂತ್ರ್ಯವುಂಟು. ಸತ್ತ ಮೇಲೆ ನೋಡಿಕೊಳ್ಳೋಣವೆಂದು ಸುಮ್ಮನಿರುವವರಿಗೆ ಇದು ತಿಳಿದಿರಬೇಕು.

ನಾಲ್ಕನೆಯದು ವಿಚ್ಛೇದನೆ ಮತ್ತು ಪ್ರತ್ಯೇಕ ವಾಸದ ಡಿಕ್ರಿ. ವಿವಾಹದ ಕಟ್ಟನ್ನು ಪೂರ್ತಿಯಾಗಿ ಬಿಚ್ಚಲು ಮನಸ್ಸಾಕ್ಷಿ ಒಪ್ಪದವರು ೨೨ನೇ ಪ್ರಕರಣದಂತೆ ಪ್ರತ್ಯೇಕ ವಾಸದ ಡಿಕ್ರಿಯನ್ನು ಬೇಡಬಹುದು. ಅದರ ತರುವಾಯ ಹೆಂಡತಿ ಸಂಪಾದಿಸಿದ ಆಸ್ತಿಯ ಮೇಲೆ ಗಂಡನಿಗೆ ಅಧಿಕಾರವಿರುವದಿಲ್ಲ. ಎರಡು ವಿಧದ ಡಿಕ್ರಿಯಲ್ಲಿಯೂ, ಗಂಡನ ಶಕ್ತಿಯನ್ನೂ ಹೆಂಡತಿಯ ಸ್ಥಿತಿಯನ್ನೂ ಇಬ್ಬರ ನಡತೆಯನ್ನೂ ನೋಡಿ, ಒಂದು ಮೊತ್ತವನ್ನಾಗಲಿ ವರುಷವರುಷದ ಹಣವನ್ನಾಗಲಿ ಹೆಂಡತಿಗೆ ಗೊತ್ತುಮಾಡಲು ೩೭ನೇ ಪ್ರಕರಣವು ನ್ಯಾಯಸ್ಥಾನಕ್ಕೆ ಅಧಿಕಾರ ಕೊಡುತ್ತದೆ.

ಇಷ್ಟು ಕಾನೂನಿನ ಮಾತಾಯಿತು. ಈಗ ಆತ್ಮದ ಮಾತಿಗೆ ಬರೋಣ. ಕ್ಷಮಿಸಿದವಳು ಇದನ್ನೆಲ್ಲಾ ಕೇಳಬಹುದೋ?

ಕ್ಷಮೆಯೆಂಬದು ನೊಂದವನು ತನ್ನ ಹೃದಯದೊಳಗಿನ ಹಗೆಯನ್ನು ದೇವರ ಮುಂದೆ ಇಳಿಸಿಬಿಡುವದು. ಇನ್ನು ನಿನ್ನ ಕೇಡನ್ನು ನಾನು ಬಯಸುವದಿಲ್ಲವೆಂದು ಹೇಳುವದು. ಇದು ಸಾಲವನ್ನು ಸುಟ್ಟುಹಾಕುವ ಕಾಗದವಲ್ಲ. ಇನ್ನೂ ಮುಖ್ಯವಾದದ್ದು: ಕ್ಷಮಿಸುವ ಅಧಿಕಾರವಿರುವದು ತನಗಾದ ನೋವಿನ ವಿಷಯದಲ್ಲಿ ಮಾತ್ರ. ಮಕ್ಕಳ ಅನ್ನವೂ ಶಾಲೆಯ ಶುಲ್ಕವೂ ತಾಯಿಯ ಸ್ವತ್ತಲ್ಲ. ಅವಳದಲ್ಲದ್ದನ್ನು ಅವಳು ಬಿಟ್ಟುಕೊಡುವದು ಹೇಗೆ? ಹಿರಿಯರು ಬರೆಸಿದ ಆ ಕಾಗದದಲ್ಲಿ ಅವಳ ರುಜು ಬಿದ್ದರೆ ಅದು ಅವಳ ಔದಾರ್ಯವಲ್ಲ. ಎರಡು ಮಕ್ಕಳ ತಟ್ಟೆಯಿಂದ ತೆಗೆದು ತಪ್ಪಿತಸ್ಥನಿಗೆ ಕೊಟ್ಟ ದಾನ.

ಜಕ್ಕಾಯನ ವೃತ್ತಾಂತವು ನಮ್ಮೆಲ್ಲರಿಗೂ ಬಾಯಿಪಾಠ. ಅವನು ಮರವನ್ನು ಹತ್ತಿದ್ದನ್ನು ಭಾನುವಾರದ ಶಾಲೆಯ ಮಕ್ಕಳೂ ಹೇಳುವರು. ಇಳಿದ ಮೇಲೆ ಮಾಡಿದ್ದೇನೆಂಬದನ್ನು ದೊಡ್ಡವರೇ ಮರೆಯುತ್ತಾರೆ. ಅವನು ಅಳಲಿಲ್ಲ, ಬಹಳ ಮಾತಾಡಲೂ ಇಲ್ಲ. ಎದ್ದು ನಿಂತು ಲೆಕ್ಕ ಹೇಳಿದನು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ರಕ್ಷಣೆ ಅವನ ಮನೆಗೆ ಬಂತೆಂಬ ಮಾತು ಕೇಳಿಬಂದದ್ದು ಆ ಲೆಕ್ಕದ ನಂತರವೇ. ದೇವರ ಕೃಪೆಯನ್ನು ಅವನು ಹಣಕೊಟ್ಟು ಕೊಂಡುಕೊಂಡನೆಂದು ನಾವು ಹೇಳುವದಿಲ್ಲ. ಕೃಪೆಯು ಒಳಗೆ ಬಂದಾಗ ಲೆಕ್ಕದ ಪುಸ್ತಕವು ತಾನಾಗಿ ತೆರೆಯಿತೆಂದು ಹೇಳುತ್ತೇವೆ. ಕಣ್ಣೀರು ಹಾಕಿಯೂ ಅಡವಿನ ಚೀಟಿಯನ್ನು ಕಿಸೆಯಲ್ಲಿಯೇ ಇಟ್ಟುಕೊಂಡವನ ಪಶ್ಚಾತ್ತಾಪವು ಇನ್ನೂ ಮರದ ಮೇಲೆಯೇ ಇದೆ.

ಕೆಲವರು ಇದಕ್ಕೆ ಎದುರಾಗಿ, "ವಿಶ್ವಾಸಿಗಳು ವಿಶ್ವಾಸಿಗಳ ಮೇಲೆ ವ್ಯಾಜ್ಯ ಹೂಡುವದನ್ನು ಅಪೊಸ್ತಲನೇ ಗದರಿಸಿದ್ದಾನಲ್ಲವೇ" ಅನ್ನುವರು. ನಿಜ, ಕೊರಿಂಥದವರನ್ನು ಗದರಿಸಿದನು. ಆದರೆ ಅವನು ಕೇಳಿದ್ದು, ಸಹೋದರರ ನಡುವೆ ನ್ಯಾಯ ತೀರಿಸಬಲ್ಲ ಜ್ಞಾನಿ ನಿಮ್ಮಲ್ಲಿ ಒಬ್ಬನಾದರೂ ಇಲ್ಲವೇ ಎಂದು. ಅಂದರೆ ಸಭೆಯೊಳಗೆ ನ್ಯಾಯವು ಸಿಕ್ಕಬೇಕಾಗಿತ್ತು. ಸಭೆಯು ಸರವನ್ನೂ ಬಿಡಿಸಿಕೊಡದೆ, ತಿಂಗಳ ಖರ್ಚನ್ನೂ ಗೊತ್ತುಮಾಡದೆ, ಬಾಯಿಮುಚ್ಚಿಸುವ ಕಾಗದವನ್ನು ಮಾತ್ರ ಬರೆಸಿದರೆ, ಅವಳು ಕೋರ್ಟಿನ ಮೆಟ್ಟಲು ಹತ್ತಿದ ದೋಷವು ಯಾರ ಮೇಲೆ ಬೀಳುವದು?

ಇನ್ನು, ಕ್ಷಮೆ ಮತ್ತು ಹಕ್ಕು ಬೇರೆಬೇರೆಯೆಂಬದನ್ನು ಕಾನೂನು ಸಹ ತನ್ನ ರೀತಿಯಲ್ಲಿ ತಿಳಿದಿದೆ. ೧೮೬೯ರ ಕಾಯಿದೆಯ ೧೪ನೇ ಪ್ರಕರಣದಂತೆ, ವ್ಯಭಿಚಾರವನ್ನು ಮನ್ನಿಸಿದವರಿಗೆ ಅದೇ ಕಾರಣದಿಂದ ವಿಚ್ಛೇದನೆ ಸಿಕ್ಕುವದಿಲ್ಲ. ಆದರೆ ದಾಂಪತ್ಯದ ಸಹವಾಸವು ಮುಂದುವರಿದ ಹೊರತು, ಇಲ್ಲವೆ ಮತ್ತೆ ಆರಂಭವಾದ ಹೊರತು ಅದನ್ನು ಮನ್ನಣೆಯೆಂದು ಎಣಿಸತಕ್ಕದ್ದಲ್ಲ. ಬಾಯಿಂದ ಕ್ಷಮಿಸಿದೆನೆಂದು ಹೇಳಿದವಳು ತನ್ನ ಹಕ್ಕನ್ನು ಕಳಕೊಳ್ಳುವದಿಲ್ಲ. ಆದರೆ ಹಿರಿಯರ ಒತ್ತಾಯಕ್ಕೆ ಅವಸರದಿಂದ ಮತ್ತೆ ಕೂಡಿ ಬಾಳಿದವಳು, ಆ ಹಿಂದಿನ ತಪ್ಪನ್ನು ಕಾರಣವಾಗಿ ತೋರಿಸುವ ಹಕ್ಕನ್ನು ಕಳಕೊಳ್ಳಬಹುದು. ಮರುದಿನವೇ ಅವಳ ಪೆಟ್ಟಿಗೆಯನ್ನು ಗಂಡನ ಮನೆಗೆ ಹೊರಿಸುವ ಹಿರಿಯರು ಇದನ್ನು ತಿಳಿದು ಮಾಡುತ್ತಾರೋ? ತಿರುಗಿ ಕೂಡುವದು ಒಳ್ಳೆಯದೇ. ಆದರೆ ಗಂಡನು ಆ ಇನ್ನೊಂದು ಸಂಬಂಧವನ್ನು ನಿಜವಾಗಿ ಬಿಟ್ಟನೆಂದು ಕಾಣುವಷ್ಟು ಕಾಲವನ್ನು ಅವಳಿಗೆ ಕೊಡಬೇಕು.

ಆ ಕಾಗದದ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಜೀವನಾಂಶವನ್ನು ಎಂದೆಂದಿಗೂ ಕೇಳುವದಿಲ್ಲವೆಂಬ ಒಪ್ಪಂದವು ಸ್ತ್ರೀಯನ್ನು ಕಟ್ಟಿಹಾಕಲಾರದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿವೆ. ಆದರೂ "ಪರಸ್ಪರ ಸಮ್ಮತಿಯಿಂದ ಬೇರೆ ಇರುವೆವು" ಎಂಬ ಒಂದು ಸಾಲು ಅಪಾಯದ್ದು; ಯಾಕಂದರೆ ಹಾಗೆ ಸಮ್ಮತಿಯಿಂದ ಬೇರೆಯಿರುವವಳಿಗೆ ೧೪೪ನೇ ಪ್ರಕರಣದ ಜೀವನಾಂಶ ಸಲ್ಲದೆಂದು ಆ ಪ್ರಕರಣದಲ್ಲಿಯೇ ಇದೆ. ಸಮಾಧಾನಕ್ಕೆಂದು ಬರೆಸಿದ ಸಾಲು ನಾಳೆ ಅವಳ ಎದುರು ಸಾಕ್ಷಿಯಾಗಿ ನಿಲ್ಲಬಹುದು. ಅದಲ್ಲದೆ ಸಭೆಯ ತೀರ್ಮಾನದಿಂದ ಸರಕಾರದ ಮುಂದೆ ವಿವಾಹವು ಮುರಿಯುವದೂ ಇಲ್ಲ. ಕ್ರೈಸ್ತಸಭೆಯ ನ್ಯಾಯಮಂಡಲಿಯು ಕೊಟ್ಟ ವಿವಾಹ ರದ್ದತಿಗೆ ಕಾನೂನಿನ ಬಲವಿರಬೇಕೆಂದು ಮಂಗಳೂರಿನ ಒಬ್ಬ ಹಿರಿಯ ಕ್ಯಾಥೊಲಿಕ್ ನ್ಯಾಯವಾದಿಗಳು ಮಾಡಿಕೊಂಡ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೭ನೇ ಇಸವಿಯ ಜನವರಿಯಲ್ಲಿ ತಳ್ಳಿಹಾಕಿತು. ಸಭೆಯ ಕಾಗದವನ್ನು ನಂಬಿ ಮರುಮದುವೆಯಾದವರು ದ್ವಿವಿವಾಹದ ಅಪರಾಧಕ್ಕೆ ಗುರಿಯಾಗಬಹುದು.

ಇದುವರೆಗೆ ತಪ್ಪಿದವನು ಗಂಡನೆಂದು ಇಟ್ಟುಕೊಂಡು ಬರೆದೆವು. ತಪ್ಪಿದವಳು ಹೆಂಡತಿಯಾದರೆ ನ್ಯಾಯವು ಬೇರೆಯಾಗುವದೋ? ಆಗಕೂಡದು. ಗಂಡನ ನೋವೂ ನೋವೇ. ಅವನಿಗೂ ವಿಚ್ಛೇದನೆಯ ಅದೇ ಹಕ್ಕುಂಟು. ವ್ಯಭಿಚಾರದಲ್ಲಿ ಜೀವಿಸುತ್ತಿರುವ ಹೆಂಡತಿಗೆ ೧೪೪ನೇ ಪ್ರಕರಣದ ಜೀವನಾಂಶವು ಸಲ್ಲದು. ಆದರೆ ಜೀವಿಸುವದು ಎಂದರೆ ಎಡೆಬಿಡದೆ ನಡೆಯುವ ಬಾಳುವೆ. ಎಂದೋ ಒಮ್ಮೆ ಎಡವಿದ್ದನ್ನು ಹಿಡಿದು ಅನ್ನವನ್ನು ಕಿತ್ತುಕೊಳ್ಳಲಾಗದೆಂದು ನ್ಯಾಯಾಲಯಗಳು ಅನೇಕ ಸಾರಿ ಹೇಳಿವೆ. ಅವಳ ತಪ್ಪಿನಿಂದ ಮಕ್ಕಳ ಹಕ್ಕು ಒಂದು ಕಾಸಿನಷ್ಟೂ ಕಡಿಮೆಯಾಗುವದಿಲ್ಲ. ಇನ್ನು ಬರೇ ಸಂಶಯವು ಸಾಕ್ಷಿಯಲ್ಲ. ಆಧಾರವಿಲ್ಲದೆ ಹೆಂಡತಿಯ ಶೀಲದ ಮೇಲೆ ಕೆಸರೆರಚುವದೇ ಕ್ರೂರತನವೆಂದು ನ್ಯಾಯಾಲಯಗಳು ಎಣಿಸುತ್ತವೆ. ಸಂಶಯದ ಹುಚ್ಚಿನಿಂದ, "ಈ ಮಗು ನನ್ನದಲ್ಲ" ಎಂದು ಹಸುಗೂಸನ್ನು ದೂರ ತಳ್ಳುವವರು ಒಂದನ್ನು ಕೇಳಲಿ: ವಿವಾಹವು ಊರ್ಜಿತವಾಗಿರುವಾಗ ಹುಟ್ಟಿದ ಮಗುವು, ಆ ಕಾಲದಲ್ಲಿ ಗಂಡಹೆಂಡಿರು ಕೂಡುವದಕ್ಕೆ ಅವಕಾಶವೇ ಇರಲಿಲ್ಲವೆಂದು ತೋರಿಸಿದ ಹೊರತು, ಆ ಗಂಡನ ಮಗುವೇ ಎಂಬದು ಸಾಕ್ಷ್ಯದ ಕಾನೂನಿನ ನಿರ್ಣಯ. ದೊಡ್ಡವರ ಪಾಪದ ದಂಡವನ್ನು ತೊಟ್ಟಿಲಿನಿಂದ ವಸೂಲು ಮಾಡಬಾರದೆಂಬದೇ ಇದರ ತಾತ್ಪರ್ಯ.

ಅದೇ ನ್ಯಾಯವು ಆ ಇನ್ನೊಂದು ಮನೆಯ ಕೂಸಿಗೂ ಸಲ್ಲುತ್ತದೆ. ವಿವಾಹದ ಹೊರಗೆ ಹುಟ್ಟಿದ ಮಗುವನ್ನೂ ತಂದೆಯು ಸಾಕಬೇಕೆಂದು ೧೪೪ನೇ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಬರೆಯುವಾಗ ನೊಂದ ಹೆಂಡತಿಯ ಕರುಳು ಕೊಯ್ದಂತಾಗುವದೆಂದು ನಾವು ಬಲ್ಲೆವು. ಆದರೂ ಲೆಕ್ಕವೆಂದರೆ ಪೂರಾ ಲೆಕ್ಕವೇ. ತನ್ನ ಮಕ್ಕಳಿಗೆ ನ್ಯಾಯವನ್ನು ಬೇಡುವವಳು, ತಾನು ಕೇಳದೆ ಈ ಲೋಕಕ್ಕೆ ಬಂದ ಆ ಕೂಸಿನ ಅನ್ನವನ್ನು ಕಿತ್ತುಕೊಳ್ಳಬೇಕೆಂದು ಬೇಡಲಾರಳು. ನ್ಯಾಯಕ್ಕೂ ಸೇಡಿಗೂ ಇರುವ ಭೇದವು ಇಲ್ಲಿಯೇ ಗೊತ್ತಾಗುತ್ತದೆ. ನ್ಯಾಯವು ಸಲ್ಲತಕ್ಕದ್ದನ್ನು ಕೇಳಿ ತೃಪ್ತಿಗೊಳ್ಳುತ್ತದೆ. ಸೇಡು ಸಲ್ಲತಕ್ಕದ್ದೆಲ್ಲಾ ಬಂದರೂ ಎದುರಿನವನು ಬೀದಿಗೆ ಬೀಳುವ ತನಕ ಬಿಡುವದಿಲ್ಲ. "ಒಂದು ಕಾಸೂ ಬಿಡಬೇಡ" ಎಂದು ಕಿವಿಯೂದುವ ನೆಂಟರಿಗೆ ನಮ್ಮ ಉತ್ತರವು ಇದೇ.

ಕಡೆಯದಾಗಿ ಸಭೆಯ ಹಿರಿಯರಿಗೆ ವಿನಯಪೂರ್ವಕವಾಗಿ ಕೆಲವು ಮಾತುಗಳು. ಇಂಥ ಸಂಗತಿ ಬಂದಾಗ ನೊಂದವಳನ್ನು ಗಂಡನ ಎದುರಿಗೆ ನಿಲ್ಲಿಸಿ ಕೇಳಬೇಡಿರಿ. ಅವಳು ನಂಬುವ ಒಬ್ಬ ಹಿರಿಯ ಸ್ತ್ರೀಯನ್ನು ಕೂಡಿಸಿಕೊಂಡು ಬೇರೆಯಾಗಿ ಕೇಳಿರಿ. ಯಾವ ಕಾಗದಕ್ಕೂ ಅವಸರದಿಂದ ರುಜು ಹಾಕಿಸಬೇಡಿರಿ. ಕಾಗದ ಬರೆಸಲೇಬೇಕಾದರೆ ತಪ್ಪಿದವನಿಂದ ಬರೆಸಿರಿ: ಎಷ್ಟು ಸಾಲ, ಯಾವ ಅಡವು, ಯಾವ ತಾರೀಕಿನೊಳಗೆ ಬಿಡಿಸುವನು, ತಿಂಗಳಿಗೆ ಮಕ್ಕಳಿಗೆಷ್ಟು ಎಂದು. ಹೆಣ್ಣಿನ ತಪ್ಪಿಗೆ ಸಭಾಶಿಕ್ಷೆ, ಗಂಡಿನ ತಪ್ಪಿಗೆ ಬುದ್ಧಿಮಾತು ಎಂಬ ಎರಡು ತಕ್ಕಡಿಗಳನ್ನು ಇಡಬೇಡಿರಿ. ದೇವಾಲಯದ ಅಂಗಳಕ್ಕೆ ಆ ಸ್ತ್ರೀಯೊಬ್ಬಳನ್ನೇ ಎಳೆತಂದವರು ಅವಳೊಂದಿಗಿದ್ದ ಪುರುಷನನ್ನು ಎಲ್ಲಿ ಬಿಟ್ಟುಬಂದರೆಂಬ ಪ್ರಶ್ನೆಯು ಇಂದಿಗೂ ಉತ್ತರವಿಲ್ಲದೆ ನಿಂತಿದೆ. ಮತ್ತು ೧೯೮೭ನೇ ಇಸವಿಯ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಪ್ರತಿಯೊಬ್ಬ ಸ್ತ್ರೀಗೂ ವಕೀಲರ ಸಹಾಯವು ಧರ್ಮಾರ್ಥವಾಗಿ ದೊರೆಯುವದೆಂಬದನ್ನು ಅವಳಿಗೆ ತಿಳಿಸಿರಿ. ತಾಲೂಕು ಕಾನೂನು ಸೇವಾ ಸಮಿತಿಯು ತಾಲೂಕಿನ ಕೋರ್ಟಿನಲ್ಲಿಯೇ ಇರುತ್ತದ್ದರಿಂದ, ಅಲ್ಲಿಗೆ ಅವಳ ಸಂಗಡ ಹೋಗುವದಕ್ಕೆ ನಿಮ್ಮಲ್ಲಿ ಒಬ್ಬರಿಗೆ ಅರ್ಧ ದಿನ ಸಾಕು. ಆ ಅರ್ಧ ದಿನವು ಹತ್ತು ಬುದ್ಧಿಮಾತುಗಳಿಗಿಂತ ಹೆಚ್ಚಿನ ಸೇವೆಯಾದೀತು.

ತಪ್ಪಿದ ಸಹೋದರನಿಗೂ ಒಂದು ಮಾತು. ನಿನ್ನ ಕಣ್ಣೀರನ್ನು ನಾವು ಹಳಿಯುವದಿಲ್ಲ. ಆದರೆ ನಿನ್ನ ಹೆಂಡತಿಯ ಮುಂದೆ ಬರುವಾಗ ಅಡವಿನ ಚೀಟಿಯನ್ನೂ ತೆಗೆದುಕೊಂಡು ಬಾ. ಅವಳು ಕ್ಷಮಿಸುವದು ಅವಳಿಗೂ ದೇವರಿಗೂ ಸೇರಿದ್ದು. ಅದನ್ನು ನೀನು ಹಕ್ಕಾಗಿ ಕೇಳಲಾರೆ. ಸರವನ್ನು ಬಿಡಿಸುವದು ನಿನ್ನ ಕೈಯಲ್ಲಿದೆ. ಅದನ್ನು ಅವಳು ಹಕ್ಕಾಗಿಯೇ ಕೇಳುತ್ತಾಳೆ. ಆ ಸರವು ಅವಳ ಕೊರಳಿಗೆ ತಿರುಗಿ ಬಂದ ದಿನ ಅವಳು ಕ್ಷಮಿಸಿಯೇ ಬಿಡುವಳೆಂದು ನಾವು ಹೇಳಲಾರೆವು. ಬಾರದೆ ಇದ್ದರೆ, ಅವಳು ಕ್ಷಮಿಸಿದ ಮೇಲೆಯೂ ನೀನು ಸಾಲಗಾರನೇ.